ಯಾರ ಮನೆಯ ಡಬ್ಬಿ

ಅರಿಶಿನ ಬೇಯಿಸುವ ವಾಸನೆ ಬಂದರೆ ನನಗೆ ಕಾಲು ನೋಯುತ್ತದೆ. ಡಾಕ್ಟರಿಗೆ ಹೇಳಿದರೆ ನಗುತ್ತಾರೆಂದು ಹೇಳಿಲ್ಲ. ಮೊನ್ನೆ ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಈಗ ನಾನು ಮಾಡುತ್ತಿರುವುದು ಬಿಪಿ, ಶುಗರ್ ಸರ್ವೆ. ಜನ ತಾವೇ ಕರೆದು ಕೂರಿಸಿ, ಕಾಫಿ ಕೊಟ್ಟು, ಕೇಳಿದ್ದಕ್ಕಿಂತ ಹೆಚ್ಚಿಗೆ ಹೇಳುವ ಸುಖದ ಸರ್ವೆ. ರಸ್ತೆ ಪಕ್ಕದ ಹೊಲದಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು, ಮೇಲೆ ಗೋಣಿತಾಟು ಮುಚ್ಚಿ, ಅರಿಶಿನದ ಒಣಗರಿಯನ್ನೇ ಉರಿಗೆ ತುರುಕುತ್ತಿದ್ದರು. ಮಣ್ಣು, ಹೊಗೆ, ಒಂದು ಬಗೆಯ ಕಹಿ ಎಲ್ಲ ಸೇರಿದ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಮೊಣಕಾಲ ಕೆಳಗೆ ಹಳೆಯ ನೋವು ಎದ್ದಿತು. ಎಷ್ಟೋ ವರ್ಷದ ಹಿಂದೆ ಒಂದು ಬೇಸಿಗೆಯನ್ನು ನಾನು ಪೂರ್ತಿಯಾಗಿ ಆ ವಾಸನೆಯೊಳಗೇ ನಡೆದು ಕಳೆದಿದ್ದೆ.

ಆ ವರ್ಷ ಚಾಮರಾಜನಗರದ ಸುತ್ತ ಒಂದು ಅಧ್ಯಯನ ನಡೆಯಿತು. ಕೂಲಿಗೆ ಹೋಗುವ ಹೆಂಗಸರ ಮುಟ್ಟಿನ ತೊಂದರೆ, ಗರ್ಭಕೋಶದ ಕಾಯಿಲೆ, ಎಚ್‌ಐವಿ, ಇವುಗಳ ಬಗ್ಗೆ. ಗಂಡಂದಿರು ಶುಂಠಿ ಕೆಲಸಕ್ಕೆಂದು ವೈನಾಡಿಗೆ ಹೋಗಿ ತಿಂಗಳುಗಟ್ಟಲೆ ಬಾರದ ಮನೆಗಳು, ಲಾರಿ ಓಡಿಸುವವರ ಮನೆಗಳು, ಗಂಡ ತೀರಿಕೊಂಡ ಮನೆಗಳು ನಮ್ಮ ಪಾಲಿಗೆ ಬಂದವು. ನಾನು ಪ್ರಶ್ನೆ ಕೇಳುವವಳು. ಉಡಿಗಾಲದಲ್ಲಿದ್ದ ನಮ್ಮಮ್ಮ ನನ್ನ ಕೈಲಿದ್ದ ಪ್ರಶ್ನೆಗಳನ್ನು ಒಂದು ದಿನ ಓದಿಸಿ ಕೇಳಿ, "ಇಂತವ್ನೆಲ್ಲ ಊರೋರ ಕೇಳ್ಕಂಡ್ ತಿರುಗ್ತೀಯಲ್ಲ, ನಿಂಗೆ ನಾಚ್ಕೆ ಆಗಕಿಲ್ವಾ?" ಎಂದರು. ಆಗುತ್ತಿತ್ತು. ಮೊದಲ ವಾರ ತುಂಬ ಆಯಿತು, ಆಮೇಲೆ ಅದೂ ದಣಿಯಿತು.

ಅರಿಶಿನ ಕೀಳುವ ಕಾಲವಾದ್ದರಿಂದ ಹೆಂಗಸರು ಮನೆಯಲ್ಲಿ ಸಿಗುತ್ತಿರಲಿಲ್ಲ. ನಾವೇ ಹೊಲಕ್ಕೆ ಹೋಗಬೇಕು. ಯಾರ ಕಿವಿಗೂ ಬೀಳದ ಜಾಗದಲ್ಲಿ ಕೇಳಬೇಕೆಂಬುದು ನಿಯಮ. ಅಂಥ ಜಾಗ ಊರಲ್ಲಿ ಎಲ್ಲಿದೆ? ಪಂಪ್‌ಸೆಟ್ ಮನೆಯ ಹಿಂದೆ, ಹುಣಸೆಮರದ ಬುಡದಲ್ಲಿ ಕೂತು, ಗೆಡ್ಡೆಯ ಬೇರು ಸವರುತ್ತಲೇ ಅವರು ಉತ್ತರ ಹೇಳುತ್ತಿದ್ದರು. ಬಿಳಿಸೆರಗು ಎಷ್ಟು ದಿನದಿಂದ? ಗರ್ಭಚೀಲ ಯಾಕೆ ತೆಗೆಸಿದಿರಿ? ನಿಮ್ಮವರು ಬೇರೆ ಕಡೆ ಹೋಗುತ್ತಾರೆಂದು ನಿಮಗೆ ಅನ್ನಿಸಿದೆಯೇ? ಕೊನೆಯ ಪ್ರಶ್ನೆಗೆ ಹೆಚ್ಚಿನವರು ನಗುತ್ತಿದ್ದರು. ಒಬ್ಬಾಕೆ ಮಾತ್ರ ನಗದೆ, "ಅನ್ನಿಸ್ದ್ರೆ ಏನ್ ಮಾಡನ ಕಣವ್ವ, ನೀನೇ ಯೋಳು" ಎಂದಳು. ಅದಕ್ಕೆ ನನ್ನ ಕಾಗದದಲ್ಲಿ ಜಾಗವಿರಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ ಬೆರಳಿಗೆ ಹತ್ತಿದ ಹಳದಿಯನ್ನು ನೋಡುತ್ತ ಕೂತರೆ, ಇಷ್ಟು ಜನರ ನೋವನ್ನು ಹೊತ್ತುಕೊಂಡು ಹೋಗಿ ಎಲ್ಲಿ ಇಳಿಸುವುದು ಎಂದು ನಿಜವಾಗಿ ಅಳು ಬರುತ್ತಿತ್ತು.

ಹರವೆಯಿಂದ ಆಚೆ ಒಂದೂರು. ಹೆಸರು ಈಗಲೂ ಹೇಳುವುದಿಲ್ಲ. ಅಲ್ಲಿದ್ದವಳನ್ನು ಚಿಕ್ಕತಾಯಮ್ಮ ಎಂದು ಕರೆಯುತ್ತೇನೆ, ಅದೂ ಅವಳ ಹೆಸರಲ್ಲ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಂಡ ಲಾರಿ ಡ್ರೈವರ್, ತೀರಿಕೊಂಡಿದ್ದ. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಇವಳ ರಕ್ತವನ್ನೂ ಪರೀಕ್ಷೆ ಮಾಡಿ ಎಚ್‌ಐವಿ ಇದೆಯೆಂದು ಹೇಳಿದ್ದರು. ಮಗಳು ಭಾಗ್ಯಳಿಗೆ ಇರಲಿಲ್ಲ. ಅತ್ತೆ ಸಿದ್ದಮ್ಮ, ಮಗಳು, ಇವಳು, ಇಷ್ಟೇ ಸಂಸಾರ. ಮಾತ್ರೆ ಹತ್ತಿರದಲ್ಲೇ ಸಿಗುತ್ತಿತ್ತು, ಆದರೆ ಗುರುತಿನವರು ನೋಡುತ್ತಾರೆಂದು ತಿಂಗಳು ತಿಂಗಳು ಮೈಸೂರಿಗೆ ಹೋಗಿ ತರುತ್ತಿದ್ದಳು. ಊರಲ್ಲಿ ಕೇಳಿದವರಿಗೆ ಬೆನ್ನುನೋವಿನ ಡಾಕ್ಟರ್ ಎನ್ನುತ್ತಿದ್ದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಶಾಲೆಯ ಅಡುಗೆಮನೆಯ ಹಿಂದೆ, ಸೌದೆ ರಾಶಿಯ ಮರೆಯಲ್ಲಿ.

"ಕೆಲ್ಸ ಓದ್ರೆ ಓಯ್ತು ಅನ್ಬೋದು ಅಕ್ಕ, ಕೂಲಿಗೆ ಓಯ್ತೀನಿ" ಎಂದಳು. "ಆದ್ರೆ ಮಕ್ಳು ನನ್ ಕೈಯ ಸಾರು ತಿನ್ನಕಿಲ್ಲ ಅಂದ್ಬುಟ್ರೆ, ನಾಳೀಕೆ ಭಾಗ್ಯನ ಪಕ್ದಲ್ಲೂ ಯಾರೂ ಕೂರಕಿಲ್ಲ. ಅದೊಂದ್ ಆಗ್ಬಾರ್ದು."

ಅಡುಗೆಯಿಂದ, ಮುಟ್ಟುವುದರಿಂದ ಈ ಕಾಯಿಲೆ ಬರುವುದಿಲ್ಲ ಎಂದು ನಾನು ಊರೂರಲ್ಲೂ ಹೇಳಿಕೊಂಡು ತಿರುಗಿದ್ದೆ. ಕೇಳಿದವರೆಲ್ಲ ತಲೆಯಾಡಿಸುತ್ತಿದ್ದರು. ತಲೆಯಾಡಿಸಿ ಎದ್ದು ಹೋದ ಮೇಲೆ ಮೊದಲಿದ್ದ ಹಾಗೆಯೇ ಇರುತ್ತಿದ್ದರು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಇನ್ನು ಡಬ್ಬಿಯ ವಿಷಯ. ಅಧ್ಯಯನಕ್ಕೆ ಸೇರಿದ ಎಲ್ಲ ಹೆಂಗಸರಿಗೂ, ಕಾಯಿಲೆ ಇರಲಿ ಬಿಡಲಿ, ಕೊನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಕೊಡಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಅದರ ಮೇಲೆ ಒಂದಕ್ಷರವೂ ಇರಕೂಡದು, ಸಂಸ್ಥೆಯ ಹೆಸರಂತೂ ಕೂಡದೇ ಕೂಡದು. ಯಾರ ಗುಟ್ಟೂ ಹೊರಗೆ ಬೀಳಬಾರದಲ್ಲ. ಯೋಚನೆ ಒಳ್ಳೆಯದೇ. ಆದರೆ ನಮ್ಮ ಕಡೆ ಪಾತ್ರೆಗೆ ಹೆಸರಿರಬೇಕು. ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ಸೀಮಂತದಲ್ಲಿ ಕೊಡುವ ತಟ್ಟೆ, ಲೋಟ, ಡಬ್ಬಿ ಯಾವುದೇ ಆಗಲಿ, ಅಂಗಡಿಯಲ್ಲೇ ಮಿಷನ್ನಿನಿಂದ ಕೊಟ್ಟವರ ಹೆಸರು ಕೊರೆಸಿರುತ್ತಾರೆ. ಅಟ್ಟಣಿಗೆಯ ಮೇಲೆ ಜೋಡಿಸಿದ ಪಾತ್ರೆ ನೋಡಿದರೆ ಆ ಮನೆಯವರ ನೆಂಟರಿಷ್ಟರೆಲ್ಲ ಯಾರೆಂದು ತಿಳಿದುಹೋಗುತ್ತದೆ. ನಮ್ಮ ಮೇಲ್ವಿಚಾರಕ ನಾಗೇಂದ್ರ ಇದೇ ಸೀಮೆಯವರು. ಅಂಗಡಿಯಿಂದ ಬಂದ ಡಬ್ಬಿಗಳನ್ನು ನೋಡಿ ಅವರಿಗೆ ಮನಸ್ಸು ತಡೆಯಲಿಲ್ಲ.

"ಬೋಳು ಡಬ್ಬಿ ಕೊಡೋದಾ? ನೋಡಿದೋರು ಏನಂದ್ಕೋತಾರೆ? ಹೆಸರು ಬೇಡ ಅಂದ್ರೆ ಬೇಡ, ಒಂದು ಹೂವಾದ್ರೂ ಇರಲಿ" ಎಂದು ಎಲ್ಲದರ ಮುಚ್ಚಳದ ಮೇಲೂ ಐದೆಸಳಿನ ಒಂದು ಹೂವು ಕೊರೆಸಿದರು. ನೋಡಲು ಚೆನ್ನಾಗಿತ್ತು. ನಾವೆಲ್ಲ ಮೆಚ್ಚಿಕೊಂಡೆವು.

ಹೂವಿದೆ, ಹೆಸರಿಲ್ಲ. ಅಂಥ ಪಾತ್ರೆ ಆ ಸೀಮೆಯಲ್ಲೇ ಇರಲಿಲ್ಲ. ಪಕ್ಕದೂರಿನಲ್ಲಿ ಕಾಯಿಲೆಯಿಂದ ನರಳುತ್ತಿದ್ದ ಹೆಂಗಸೊಬ್ಬಳು ತೀರಿಕೊಂಡಳು. ಅವಳಿಗೆ ಏನಾಗಿತ್ತೆಂದು ಎಲ್ಲರಿಗೂ ತಿಳಿದಿತ್ತು. ಸಾವಿಗೆ ಬಂದವರಲ್ಲಿ ಯಾರೋ ಗೂಡಿನಲ್ಲಿದ್ದ ಡಬ್ಬಿ ನೋಡಿ, ಇದು ಯಾರ ಮನೆ ಕಾರ್ಯದ್ದು ಎಂದು ಕೇಳಿದರು. ಮನೆಯವರಿಗೆ ಹೇಳಲು ಬರಲಿಲ್ಲ. ಇನ್ನೊಬ್ಬಳು, "ಇಂತದ್ನೇ ನಮ್ಮೂರಲ್ಲೂ ನೋಡಿವ್ನಿ" ಎಂದಳು. ಅಷ್ಟು ಸಾಕಾಯಿತು. ಅರಿಶಿನ ಕೀಳುವ ಆಳುಗಳು ಊರಿಂದೂರಿಗೆ ಹೋಗುವವರು, ಸುದ್ದಿಯೂ ಅವರ ಜೊತೆಗೇ ಹೋಯಿತು. ಹೂವಿನ ಡಬ್ಬಿ ಇದ್ದವರಿಗೆ ಆ ಕಾಯಿಲೆ ಇದೆ ಎಂದಾಯಿತು.

ಡಬ್ಬಿಗಳು ವಾಪಸ್ಸು ಬರತೊಡಗಿದವು. ಸೆರಗಿನಡಿ ಮುಚ್ಚಿಟ್ಟುಕೊಂಡು ಬಂದು ಕೈಗೆ ತುರುಕಿ ಓಡುವವರು ಕೆಲವರು. ಒಬ್ಬಳು ನಮ್ಮ ಜೀಪಿನ ಬಾನೆಟ್ಟಿನ ಮೇಲೆ ಕುಕ್ಕಿ, "ನನ್ಗಂಡ ನನ್ನ ಅವ್ವನ ಮನೆಗೆ ಅಟ್ಟವ್ನೆ ಕಣವ್ವ, ನಿಮ್ ಡಬ್ಬಿ ನೀವೇ ಇಟ್ಕಳಿ" ಎಂದಳು. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಾಗೇಂದ್ರ ಆಫೀಸಿನ ಮೂಲೆಯಲ್ಲಿ ಗೋಣಿಚೀಲ ಬಿಚ್ಚಿಟ್ಟುಕೊಂಡು ಅವನ್ನು ತುಂಬುತ್ತಿದ್ದರು. ಊಟದ ಡಬ್ಬಿ ತೆಗೆದರೆ ಅರ್ಧಕ್ಕೇ ಮುಚ್ಚುತ್ತಿದ್ದರು.

ಚಿಕ್ಕತಾಯಮ್ಮನ ಡಬ್ಬಿ ಮಾತ್ರ ಬರಲಿಲ್ಲ. ಅವಳು ಅದನ್ನು ಒಗ್ಗರಣೆ ಸಾಮಾನಿಗೆಂದು ಶಾಲೆಗೆ ಒಯ್ದಿದ್ದಳು. ಶಾಲಾ ಸಮಿತಿ ಅಧ್ಯಕ್ಷರ ಹೆಂಡತಿ ಗೌರಮ್ಮ ಒಂದು ದಿನ ಅಡುಗೆಮನೆಗೆ ಬಂದು, ಮುಚ್ಚಳ ತಿರುಗಿಸಿ ನೋಡಿ, ಇದು ಯಾವ ಕಾರ್ಯದ್ದು ಎಂದು ಕೇಳಿದ್ದಳು. ಇವಳು ನಮ್ಮನೆಯದೇ ಎಂದಳಂತೆ. ನಿಮ್ಮನೆಯಲ್ಲಿ ಯಾವ ಕಾರ್ಯ ನಡೆಯಿತು ಎಂಬ ಮಾತಿಗೆ ಉತ್ತರ ಹೊಳೆದಿರಲಿಲ್ಲ. ಯುಗಾದಿ ಕಳೆದ ಮೇಲೆ ಸಮಿತಿಯವರು ಸೇರಿ ಅಡುಗೆಯವರ ವಿಷಯ ಮಾತಾಡುತ್ತೇವೆ ಎಂದಿದ್ದರು. ಇಷ್ಟನ್ನು ಅವಳು ನನಗೆ ಫೋನಿನಲ್ಲಿ ಹೇಳಿದಳು. ವಾಪಸ್ಸು ಕೊಟ್ಟರೆ ಒಪ್ಪಿಕೊಂಡ ಹಾಗೆ, ಇಟ್ಟುಕೊಂಡರೆ ಎದುರಿಗೇ ಸಾಕ್ಷಿ.

ಈ ಅಧ್ಯಯನ ನಡೆಸುತ್ತಿದ್ದ, ಮೈಸೂರಿನಲ್ಲಿದ್ದ ಡಾಕ್ಟರ್ ಮೇಡಂಗೆ ತಿಳಿಸಿದೆವು. ಅವರು ಪಾಪ, ನಿಜವಾಗಿ ಕಂಗಾಲಾಗಿ, ಆ ಊರಿನಲ್ಲೇ ತಿಳಿವಳಿಕೆ ಶಿಬಿರ ಮಾಡೋಣ ಎಂದರು. "ಈಗ ನಮ್ಮ ಜೀಪು ಶಾಲೆ ಮುಂದೆ ಹೋಗಿ ನಿಂತರೆ ಮುಗಿದೇಹೋಯ್ತು ಮೇಡಂ" ಎಂದರು ನಾಗೇಂದ್ರ. ಅದೂ ಸರಿಯೇ. ಆ ವಾರ ನಾನು ರಾತ್ರಿ ಹಗಲು ರಾಜೀನಾಮೆಯನ್ನೇ ಯೋಚಿಸುತ್ತಿದ್ದೆ. ಬರೆಯಲೂ ಬೇಸರವಾಗಿ ಬರೆಯಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಸಿದ್ದಮ್ಮ ಆಫೀಸಿಗೆ ಬಂದರು. ಚಿಕ್ಕತಾಯಮ್ಮನ ಅತ್ತೆಯನ್ನು ನಾನು ಅವರ ಮನೆಯಲ್ಲಿ ನೋಡಿದ್ದೆ ಅಷ್ಟೆ, ಹೆಚ್ಚು ಮಾತಾಡಿರಲಿಲ್ಲ. ಅರಿಶಿನ ಕಿತ್ತು ಕಿತ್ತು ಕೈ ಮಣಿಕಟ್ಟಿನವರೆಗೂ ಹಳದಿಯಾಗಿತ್ತು. ಕುರ್ಚಿ ಕೊಟ್ಟರೆ ಬೇಡವೆಂದು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

"ಕೂಸು ದೊಡ್ಡೋಳಾಗವ್ಳೆ" ಎಂದರು. ಭಾಗ್ಯ ಮೈನೆರೆದಿದ್ದಳು. "ಆರತಿ ಮಾಡ್ಬುಡನ ಅಂತಿವ್ನಿ. ನಿಮ್ಗೆ ಡಬ್ಬಿ ವಾಪಸ್ ಬಂದವಂತಲ್ಲ, ಆ ಚೀಲ ಎಲ್ಲದೆ?"

ನಾಗೇಂದ್ರ ಮೂಲೆಯಲ್ಲಿದ್ದ ಗೋಣಿಚೀಲ ತೋರಿಸಿದರು.

"ಅವ ನಂಗೆ ಕೊಡಿ. ಹೂವ ಇದ್ದಂಗೇ ಇರ್ಲಿ, ಅದ್ರ ಕೆಳೀಕೆ ನಮ್ ಹೆಸ್ರು ಹಾಕ್ಸಿ. ತಾರೀಕು ಬ್ಯಾಡ. ಕಾರ್ಯಕ್ಕೆ ಬಂದೋರ್ಗೆಲ್ಲ ಕೊಡ್ತೀನಿ. ಆಮೇಲೆ ಅದು ನಮ್ಮನೆ ಡಬ್ಬಿ ಆಯ್ತದೆ. ಯಾರ್ ಮನೇಲಿ ಇದ್ರೂ ನಮ್ಮನೆ ಡಬ್ಬಿ."

"ಅವ್ವ, ಜನ ನಂಬ್ತಾರಾ?" ಎಂದೆ.

"ನಂಬಾದ್ ಯಾರ್ಗೆ ಬೇಕು? ಬಾಯಿ ಮುಚ್ಕಳಕ್ಕೆ ಒಂದ್ ನೆಪ ಸಿಕ್ಕುದ್ರೆ ಸಾಕು, ಮುಚ್ಕತಾರೆ."

ನನಗೆ ತಡೆಯಲಾಗದೆ, ಸೊಸೆ ಏನಾದರೂ ಹೇಳಿದ್ದಾಳಾ ಎಂದು ಕೇಳಿದೆ. ಸಿದ್ದಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. ಆ ಹಳದಿ ಒರೆಸಿದರೆ ಹೋಗುವುದಲ್ಲ.

"ನನ್ ಮಗ ಸತ್ತಾಗ್ಲಿಂದ ಅವ್ಳು ಬೆನ್ನೋವಿಗೆ ಅಂತ ಮೈಸೂರ್ಗೆ ಓಯ್ತಾಳೆ. ಬೆನ್ನು ನೋಯ್ತದೆ ಅಂತ ಮನೇಲಿ ಒಂದಿನ ಕುಂತಿಲ್ಲ. ನಂಗೆ ತಿಳ್ಯಕಿಲ್ವಾ? ಅವ್ಳು ಯೋಳಿಲ್ಲ, ನಾನು ಕೇಳಿಲ್ಲ. ತಂದಿಟ್ಟೋನು ನನ್ ಮಗ, ನಾನು ಯಾವ್ ಬಾಯಲ್ಲಿ ಕೇಳನ?"

ನಾಗೇಂದ್ರ ಎದ್ದು ಆ ಚೀಲವನ್ನು ತಾವೇ ಹೊತ್ತುಕೊಂಡು ಪಾತ್ರೆ ಅಂಗಡಿಗೆ ಹೋದರು. ಕೊರೆಯುವವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಸಂಜೆಯವರೆಗೂ ಕೂತಿದ್ದರಂತೆ. 'ಸಿದ್ದಮ್ಮನ ಮೊಮ್ಮಗಳು ಭಾಗ್ಯಳ ಆರತಿ' ಎಂದು ಒಂದೊಂದರ ಮೇಲೂ ಅಕ್ಷರ ಮೂಡುವವರೆಗೆ ಅವರು ಕಾಫಿಗೂ ಏಳಲಿಲ್ಲ ಎಂದು ಅಂಗಡಿಯವನು ನನಗೆ ಆಮೇಲೆ ಹೇಳಿದ. ಅರಿಶಿನ ಮಾರಲು ಬಂದಿದ್ದ ಗೂಡ್ಸ್ ಆಟೋ ವಾಪಸ್ಸು ಹೋಗುವಾಗ ಚೀಲವೂ ಸಿದ್ದಮ್ಮನೂ ಅದರಲ್ಲೇ ಹೋದರು.

ಆರತಿಯ ದಿನ ನಾನು ಸರ್ವೆಯ ಬ್ಯಾಗು ಬಿಟ್ಟು, ರೇಷ್ಮೆ ಸೀರೆಯುಟ್ಟು, ಬಸ್ಸಿನಲ್ಲಿ ಹೋದೆ. ಸೋದರಮಾವ ತಂದ ಹಸಿರು ಸೊಪ್ಪಿನಿಂದ ಜಗಲಿಯ ಮೇಲೆ ಗುಡ್ಲು ಹಾಕಿದ್ದರು. ಭಾಗ್ಯ ಅದರೊಳಗೆ ಹೊಸ ಲಂಗ ತೊಟ್ಟು, ಯಾಕಾದರೂ ದೊಡ್ಡವಳಾದೆನೋ ಎಂಬ ಮುಖ ಮಾಡಿಕೊಂಡು ಕೂತಿದ್ದಳು. ಚಿಕ್ಕತಾಯಮ್ಮ ಹೊರಗೆ ಬರುವ ಹಾಗಿರಲಿಲ್ಲ. ಗಂಡನಿಲ್ಲದವಳು ಮಗಳಿಗೆ ಆರತಿ ಎತ್ತಬಾರದಲ್ಲ. ಹಿತ್ತಲಲ್ಲಿ ಒರಳಿನ ಮುಂದೆ ಕೂತು ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ, "ಯಾರೂ ಬರ್ದೇ ಓದ್ರೆ ಅಕ್ಕ?" ಎಂದಳಷ್ಟೆ. ಅವಳ ಕೈ ಮಾತ್ರ ನಿಲ್ಲಲಿಲ್ಲ.

ಬಂದರು. ಮೊದಲು ಬಂದವರು ನಮ್ಮ ಡಬ್ಬಿ ಪಡೆದು, ಅನುಮಾನಕ್ಕೆ ಸಿಕ್ಕಿ, ವಾಪಸ್ಸು ಕೊಟ್ಟಿದ್ದ ಹೆಂಗಸರು. ಸಿದ್ದಮ್ಮ ಒಬ್ಬೊಬ್ಬರಿಗೂ ಚಿಗಳಿ ತುಂಬಿದ ಡಬ್ಬಿ ಕೊಟ್ಟ ಹಾಗೆ ಅವರು ಮುಚ್ಚಳ ತಿರುಗಿಸಿ, ಬೇಕಾದ್ದಕ್ಕಿಂತ ಜೋರಾಗಿ ಹೆಸರು ಓದುತ್ತಿದ್ದರು. ಓದು ಬಾರದವಳೊಬ್ಬಳು ಪಕ್ಕದವಳಿಂದ ಎರಡು ಸಲ ಓದಿಸಿದಳು. ಅವರಿಗೂ ಇದು ಬೇಕಾಗಿತ್ತು ಎಂಬುದು ನನಗೆ ಹೊಳೆದದ್ದೇ ಆಗ.

ಗೌರಮ್ಮ ತಡವಾಗಿ, ಸೊಸೆಯ ಜೊತೆ ಬಂದಳು. ಡಬ್ಬಿ ತೆಗೆದುಕೊಂಡು ಹೂವು ನೋಡಿದಳು, ಹೆಸರು ನೋಡಿದಳು.

"ಆವತ್ತು ಸ್ಕೂಲಲ್ಲಿ ಇದ್ದದ್ದೂ?"

"ಇದೇ ಕಣವ್ವ" ಎಂದರು ಸಿದ್ದಮ್ಮ. "ಮೊದ್ಲೇ ತಂದು ಮಡಗಿದ್ದೊ. ಹೆಸ್ರು ಹಾಕ್ಸಕ್ಕೆ ಮುಂಚೆನೇ ನನ್ ಸೊಸೆ ಒಂದ್ನ ಎತ್ಕಂಡೋಗ್ಬುಟ್ಟವ್ಳೆ."

ಗೌರಮ್ಮ ದಡ್ಡಿಯಲ್ಲ. ಡಬ್ಬಿ ತೆರೆದು, ಒಂದು ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದು, "ಚಿಗಳಿ ಯಾರು ಮಾಡ್ದೋರು?" ಎಂದಳು.

"ಸೊಸೆ."

ಹಿತ್ತಲಿನಿಂದ ಬರುತ್ತಿದ್ದ ಒರಳಿನ ಸದ್ದು ನಿಂತಿತು. ಆಗ ಗೌರಮ್ಮನ ಸೊಸೆ ಹಿಂದಿನಿಂದ ಕೈ ಚಾಚಿ, ಅತ್ತೆಯ ಡಬ್ಬಿಯಿಂದಲೇ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡಳು. ಆ ಹುಡುಗಿ ತನ್ನ ಡಬ್ಬಿಯನ್ನು ಸೆರಗಿನಡಿ ತಂದು ನನ್ನ ಕೈಗೆ ತುರುಕಿ ಹೋದವರಲ್ಲಿ ಒಬ್ಬಳು. ಅತ್ತೆಗೆ ಅದು ಗೊತ್ತಿತ್ತೋ ಇಲ್ಲವೋ, ನಾನು ಗೌರಮ್ಮನ ಮುಖ ನೋಡುವ ಧೈರ್ಯ ಮಾಡಲಿಲ್ಲ.

"ಚೆನ್ನಾಗದೆ ಅತ್ತೆ, ತಿನ್ನಿ" ಎಂದಳು ಸೊಸೆ.

ಗೌರಮ್ಮ ಅವಳನ್ನು ನೋಡಿದಳು. ಆಮೇಲೆ ತಿಂದಳು. ಬೆಲ್ಲ ಒಂಚೂರು ಕಡಿಮೆ ಎಂದಳು. ಒರಳು ಮತ್ತೆ ಶುರುವಾಯಿತು.

ಯುಗಾದಿ ಕಳೆಯಿತು. ಸಮಿತಿ ಸೇರಿತು, ಶಾಲೆಯ ನಲ್ಲಿಯ ವಿಷಯ ಮಾತಾಡಿ ಎದ್ದಿತು. ನಮ್ಮ ಅಧ್ಯಯನವೂ ಮುಗಿದು, ವರದಿ ಎಲ್ಲೋ ಅಚ್ಚಾಯಿತು. ನನಗೆ ಖುಷಿಯಾಯಿತೇ ಎಂದರೆ ಇಲ್ಲ. ಆ ಊರಿಗೆ ಕಾಯಿಲೆಯ ಬಗ್ಗೆ ಒಂದಿಷ್ಟೂ ಹೊಸದಾಗಿ ತಿಳಿಯಲಿಲ್ಲ. ನಿಜ ತಿಳಿಯಲು ಹೋದವರು ನಾವು, ಕೊನೆಗೆ ಒಂದು ಸುಳ್ಳಿಗೆ ಹೆಸರು ಕೊರೆಸಿಕೊಟ್ಟು ಬಂದೆವು. ಆ ಸುಳ್ಳಿನಿಂದ ಒಬ್ಬಳ ಒಲೆ ಉರಿಯಿತು ಎಂಬುದು ಸಮಾಧಾನವೇ ಹೌದು. ಆದರೂ ಮುಂದಿನೂರಿನಲ್ಲಿ ಸಿದ್ದಮ್ಮನಂಥವರು ಇಲ್ಲದಿದ್ದರೆ ಏನು ಗತಿ ಎಂದುಕೊಂಡಾಗೆಲ್ಲ ಸುಸ್ತಾಗುತ್ತಿತ್ತು. ಆ ಸುಸ್ತು ಪೂರ್ತಿ ಹೋಗಿಲ್ಲ.

ಮೊನ್ನೆ ಭೀಮನಬೀಡಿನ ಕಡೆ ಬಸ್ಸಿಳಿದು ನಾನು ಹೋದದ್ದು ಹಳೆಯ ಗುರುತಿನ ಮನೆಗೆ. ಮಂಗಳಮ್ಮ ಎನ್ನೋಣ. ಆ ವರ್ಷದ ಅಧ್ಯಯನದಲ್ಲಿ ಅವಳೂ ಇದ್ದಳು, ರಕ್ತದಲ್ಲಿ ಕಾಯಿಲೆಯೂ ಇತ್ತು. ಹೂವಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟವಳು ನಾನೇ. ಈಗ ಕೂದಲು ನರೆತಿದೆ, ಮನೆಗೆ ಸೊಸೆ ಬಂದಿದ್ದಾಳೆ. ನನ್ನನ್ನು ಮೊದಲ ಸಲ ನೋಡಿದವಳ ಹಾಗೆ ಮಾತಾಡಿದಳು. ನಾನೂ ಹಾಗೆಯೇ ಮಾತಾಡಿದೆ. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುವಾಗ ಅವಳ ಸೊಸೆ ಒಳಗಿನಿಂದ ಕಡಲೆಪುರಿ ತುಂಬಿದ ಡಬ್ಬಿ ತಂದು ಮುಂದಿಟ್ಟಳು.

"ನಮ್ಮತ್ತೆ ಇದ್ನ ಯಾರ್ಗೂ ಎರ್ವು ಕೊಡಕಿಲ್ಲ ಮೇಡಂ, ಈಗ ನಿಮ್ಗೆ ಅಂತ ತಗಿ ಅಂದ್ರು" ಎಂದು ನಕ್ಕಳು.

ಮುಚ್ಚಳದ ಮೇಲೆ ಐದೆಸಳಿನ ಹೂವು. ಅದರ ಕೆಳಗೆ, ಬೇರೆ ಯಾವುದೋ ಅಂಗಡಿಯ ಮಿಷನ್ನಿನ ಸೊಟ್ಟ ಅಕ್ಷರದಲ್ಲಿ, 'ಸಿದ್ದಮ್ಮನ ಮೊಮ್ಮಗಳು ಭಾಗ್ಯಳ ಆರತಿ' ಎಂದಿತ್ತು. ಇವಳು ಆ ಆರತಿಗೆ ಬಂದಿರಲಿಲ್ಲ. ಆ ಊರೇ ಇವಳಿಗೆ ತಿಳಿದಿರಲು ಕಾರಣವಿಲ್ಲ. ನಾನು ಕೊಟ್ಟ ದಿನ ಇದರ ಮೇಲೆ ಹೂವು ಬಿಟ್ಟು ಏನೂ ಇರಲಿಲ್ಲ, ಹೆಸರು ಇವಳೇ ಆಮೇಲೆ ಕೊರೆಸಿಕೊಂಡದ್ದು.

"ಯಾರ ಮನೆ ಕಾರ್ಯದ್ದಮ್ಮ ಇದು?" ಎಂದು ಕೇಳಿದೆ.

ಮಂಗಳಮ್ಮ ನನ್ನನ್ನು ನೇರವಾಗಿ ನೋಡಿದಳು. "ನಮ್ ನೆಂಟರ ಮನೇದು ಕಣವ್ವ. ಹರವೆ ಕಡೆಯೋರು. ಅಜ್ಜಿ ತೀರ್ಕಂಡ್ರು, ಸೊಸೆ ಈಗ್ಲೂ ಸ್ಕೂಲಲ್ಲಿ ಅಡ್ಗೆ ಮಾಡ್ತಾಳೆ."

"ಹತ್ತಿರದ ನೆಂಟರಾ?"

"ಊ ಕಣವ್ವ. ತಿಂಗ್ತಿಂಗ್ಳೂ ಮೈಸೂರಲ್ಲಿ ಸಿಗ್ತೀವಿ."

ಮೈಸೂರಿನಲ್ಲಿ ಮಾತ್ರೆಗೆ ಕಾಯುವವರು ಕೂರುವ ಆ ಉದ್ದದ ಬೆಂಚನ್ನು ನಾನು ನೋಡಿದ್ದೇನೆ. ತೋಳಿನ ಪಟ್ಟಿ ಬಿಚ್ಚಿ, ಬಿಪಿ ಸರಿಯಾಗಿದೆ ಎಂದೆ. ಸೊಸೆ ಕಾಫಿಗೆಂದು ಒಳಗೆ ಹೋದಳು. ನಾವಿಬ್ಬರೂ ಆ ಡಬ್ಬಿಯಿಂದ ಕಡಲೆಪುರಿ ತಿನ್ನುತ್ತ ಕೂತೆವು.